ಸೇರಲು 45, ಪಾಸಾಗಲು 50

ಪ್ರತಿ ಬೇಸಿಗೆಯಲ್ಲಿ ತೆಲಂಗಾಣದ ಇಂಟರ್, ಅಂದರೆ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಮೆಡಿಕಲ್‌ಗೆ ಔಷಧಿ ಬೇಡದ ಗಿರಾಕಿಗಳು ಬರತೊಡಗುತ್ತಾರೆ. ಹೈದರಾಬಾದಿನ ಬೇಗಂ ಬಜಾರಿನ ಕಿರಾಣಾ ಅಂಗಡಿಗಳ ಗುಮಾಸ್ತರ ಮಕ್ಕಳು, ಸ್ಟೀಲ್ ಪಾತ್ರೆ ಸಗಟು ಮಾರುವವರ ಮಕ್ಕಳು, ಉಸ್ಮಾನ್ ಗಂಜ್‌ನಲ್ಲಿ ಮೂಟೆ ಇಳಿಸುವವರ ಮಕ್ಕಳು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅಂಕಪಟ್ಟಿ. ಬೀದರ್, ಹುಮನಾಬಾದ್ ಕಡೆಯ ಮನೆಯವರಾದರೆ ತಾಯಂದಿರೇ ಮಾತು ತೆಗೆಯುತ್ತಾರೆ: “ಅಕ್ಕೋರೆ, ಮಾರ್ಕ್ಸ್ ಭಾಳ ಕಮ್ಮಿ ಬಂದಾವ್ರಿ. ಇಷ್ಟರಾಗ ಫಾರ್ಮಸಿ ಸಿಗತದೇನ್ರಿ?”

ಸಿಗತದ ಎಂದು ಮೊದಲು ಹೇಳಿಬಿಡುತ್ತೇನೆ. ಅವರಿಗೆ ಸ್ವಲ್ಪ ಉಸಿರು ಬಂದ ಮೇಲೆ ಉಳಿದದ್ದು ಹೇಳುತ್ತೇನೆ. ಸೀಟು ಹಿಡಿಯಲು ಬೇಕಾದ ಅಂಕಕ್ಕಿಂತ ಒಳಗೆ ಪಾಸಾಗಲು ಬೇಕಾದ ಅಂಕ ಹೆಚ್ಚು. ಈ ಸಂಗತಿಯನ್ನು ಪ್ರವೇಶದ ಸಮಯದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಲೇಜಿನವರಿಗೆ ಸೀಟು ತುಂಬಬೇಕು, ಮನೆಯವರಿಗೆ ಮಗ ಎಲ್ಲಾದರೂ ಸೇರಿದರೆ ಸಾಕು.

ನಾನೂ ಕಡಿಮೆ ಅಂಕದವಳೇ. ಬಿ.ಎಸ್ಸಿ.ಯಲ್ಲಿ ಮೂರನೇ ದರ್ಜೆ. ಮದುವೆಯಾಗಿ ಈ ಬಜಾರಿಗೆ ಬಂದು, ಮಾವನವರ ಕಿರಾಣಾ ಅಂಗಡಿಯ ಗಲ್ಲಾದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದೆ. ಡಿ.ಫಾರ್ಮ್ ಓದುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರ ಆತಂಕ ಆ ಮೂರನೇ ದರ್ಜೆಯದ್ದೇ. ಆದರೆ ಪ್ರವೇಶದ ಕಚೇರಿಯಲ್ಲಿ ನನ್ನ ಪದವಿಯ ಅಂಕಪಟ್ಟಿಯನ್ನು ಯಾರೂ ಬಿಡಿಸಿಯೂ ನೋಡಲಿಲ್ಲ. ಅವರು ಕೇಳಿದ್ದು ಇಂಟರ್‌ನ ಬೈಪಿಸಿ (ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ) ಪ್ರಮಾಣಪತ್ರ. ನಮ್ಮ ದೇಶದಲ್ಲಿ ಫಾರ್ಮಸಿಯ ಮೊದಲ ಮೆಟ್ಟಿಲು ಹನ್ನೆರಡನೇ ತರಗತಿಯ ಮೇಲೆ ನಿಂತಿದೆ. ಪದವಿಯಲ್ಲಿ ಎಡವಿದವರಿಗೆ ಆ ಪದವಿಯ ಅಂಕ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬಾಗಿಲಿನ ಲೆಕ್ಕ

ಫಾರ್ಮಸಿ ಓದಿಗೆ ದೇಶಕ್ಕೆಲ್ಲ ಒಂದೇ ಕಾನೂನು, 1948ರ ಫಾರ್ಮಸಿ ಕಾಯ್ದೆ. ಅದರಡಿ ರಚನೆಯಾದ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ, ಯಾರು ಸೇರಬಹುದು, ಏನು ಓದಬೇಕು ಎಂಬುದನ್ನು ಗೊತ್ತುಮಾಡುತ್ತದೆ. ದಾರಿಗಳು ಮುಖ್ಯವಾಗಿ ಮೂರು: ಎರಡು ವರ್ಷದ ಡಿ.ಫಾರ್ಮ್, ನಾಲ್ಕು ವರ್ಷದ ಬಿ.ಫಾರ್ಮ್, 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿ.

ಡಿ.ಫಾರ್ಮ್‌ಗೆ 2020ರ ನಿಯಮಾವಳಿ ಕೇಳುವುದು ಇಷ್ಟೆ: ಹನ್ನೆರಡನೇ ತರಗತಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಜೀವಶಾಸ್ತ್ರ ಇಲ್ಲವೇ ಗಣಿತ ಇರಬೇಕು, ಪಾಸಾಗಿರಬೇಕು. ಇಷ್ಟೇ ಶೇಕಡಾ ಬೇಕೆಂಬ ಗೆರೆ ಪಿಸಿಐ ನಿಯಮದಲ್ಲಿ ಇಲ್ಲ. ತೆಲಂಗಾಣದ ಇಂಟರ್‌ನಲ್ಲಿ 35ಕ್ಕೆ ಪಾಸು. ಹಾಗಾಗಿ 35ರಿಂದ ಮೇಲೆ ಬಂದವರೆಲ್ಲ ಅರ್ಜಿ ಹಾಕಬಹುದು. ಒಳ್ಳೆಯ ಕಾಲೇಜು ಸಿಗುತ್ತದೋ ಇಲ್ಲವೋ ಎಂಬುದು ಮಾತ್ರ ಇಂಟರ್ ಅಂಕದ ಸಾಲಿನಲ್ಲಿ ನಿಂತು ನೋಡಬೇಕಾದದ್ದು.

ಬಿ.ಫಾರ್ಮ್‌ಗೆ ತೆಲಂಗಾಣದಲ್ಲಿ ಗೆರೆ ಇದೆ. ಗಣಿತವಿರುವ ಎಂಪಿಸಿ ಅಥವಾ ಜೀವಶಾಸ್ತ್ರವಿರುವ ಬೈಪಿಸಿಯ ಐಚ್ಛಿಕ ವಿಷಯಗಳಲ್ಲಿ ಶೇ 45 ಬೇಕು, ಮೀಸಲು ವರ್ಗದವರಿಗೆ ಶೇ 40. ಅದರ ಜೊತೆ ಪ್ರವೇಶ ಪರೀಕ್ಷೆ. ನಮ್ಮ ಗಲ್ಲಿಯಲ್ಲಿ ಎಲ್ಲರೂ ಈಗಲೂ ಎಂಸೆಟ್ ಎಂದೇ ಕರೆಯುವ ಆ ಪರೀಕ್ಷೆಗೆ 2024ರಿಂದ ಈಎಪಿಸೆಟ್ ಎಂದು ಹೆಸರು. ಒಟ್ಟು 160 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಅರ್ಹತೆಗೆ 40 ಅಂಕ ಸಾಕು. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಆ ಕನಿಷ್ಠವೂ ಇಲ್ಲ. ಕಡಿಮೆ ಅಂಕದವರಿಗೆ ದೊಡ್ಡ ಸಮಾಧಾನ ಬೇರೆಯೇ ಇದೆ. ಹಿಂದೆ ರ‍್ಯಾಂಕ್ ಕಟ್ಟುವಾಗ ಇಂಟರ್ ಅಂಕಕ್ಕೆ ಶೇ 25ರ ತೂಕವಿತ್ತು, 2023ರಲ್ಲಿ ತೆಲಂಗಾಣ ಅದನ್ನು ತೆಗೆದುಹಾಕಿತು. 45ರ ಗೆರೆ ದಾಟಿದ ಮೇಲೆ 46 ಬಂದವನೂ 92 ಬಂದವಳೂ ಪರೀಕ್ಷೆಯ ಕೊಠಡಿಯಲ್ಲಿ ಸಮ.

ಗೆರೆಗಿಂತ ಕೆಳಗಿರುವವರಿಗೆ ಎರಡು ಉಪಾಯ. ಒಂದು, ಬೇಸಿಗೆಯಲ್ಲೇ ನಡೆಯುವ ಇಂಟರ್ ಪೂರಕ ಪರೀಕ್ಷೆಯಲ್ಲಿ ಅಂಕ ಹೆಚ್ಚಿಸಿಕೊಳ್ಳುವುದು. ಪಾಸಾದವರೂ ಇದನ್ನು ಬರೆಯಬಹುದು. ಕರ್ನಾಟಕದಲ್ಲಿ ಓದುವ ನಮ್ಮ ನೆಂಟರ ಮಕ್ಕಳಿಗೂ 2024ರಿಂದ ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಇನ್ನೊಂದು, ಮೊದಲು ಡಿ.ಫಾರ್ಮ್ ಮುಗಿಸಿ, ಈಸೆಟ್ ಪ್ರವೇಶ ಪರೀಕ್ಷೆ ಬರೆದು, ಬಿ.ಫಾರ್ಮ್‌ನ ಎರಡನೇ ವರ್ಷಕ್ಕೆ ನೇರ ಸೇರುವುದು. ಇಂಟರ್‌ನಲ್ಲಿ ಸೊರಗಿದವರು ಡಿ.ಫಾರ್ಮ್‌ನಲ್ಲಿ ಚಿಗುರಿ ಈ ದಾರಿಯಲ್ಲಿ ಹೋದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ವಯಸ್ಸಿನ ಬಗ್ಗೆಯೂ ಕೇಳುತ್ತಾರೆ. ತೆಲಂಗಾಣದಲ್ಲಿ ಬಿ.ಫಾರ್ಮ್‌ಗೆ 16 ತುಂಬಿರಬೇಕು, ಮೇಲಿನ ಮಿತಿ ಇಲ್ಲ. ಸರ್ಕಾರ ಶುಲ್ಕ ತುಂಬಿಕೊಡುವ ಯೋಜನೆಗೆ ಮಾತ್ರ ವಯಸ್ಸಿನ ಮಿತಿ ಉಂಟು. ತಡವಾಗಿ ಓದಲು ಹೊರಟವರು ಈ ಹಣದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಬಜಾರಿನ ಮಕ್ಕಳ ತೊಡಕು ಇನ್ನೊಂದಿದೆ. ವ್ಯಾಪಾರದ ಮನೆಗಳಲ್ಲಿ ಹುಡುಗರನ್ನು ಕಾಮರ್ಸ್‌ಗೆ ಹಾಕುವುದು ವಾಡಿಕೆ. ಕಾಮರ್ಸ್ ವಿಭಾಗದ ಸಿಇಸಿ, ಎಂಇಸಿ ಓದಿ ಶೇ 90 ತಂದರೂ ಫಾರ್ಮಸಿಗೆ ಪ್ರಯೋಜನವಿಲ್ಲ, ಬೈಪಿಸಿಯಲ್ಲಿ 48 ಬಂದವನು ಅವನಿಗಿಂತ ಮುಂದೆ. ಅಂಥವರು ಹನ್ನೆರಡನೇ ತರಗತಿ ವಿಜ್ಞಾನವನ್ನು ಮತ್ತೆ ಬರೆಯಬೇಕು. ಮುಕ್ತ ಶಾಲೆಯ ಮೂಲಕ ಬರೆಯುವುದಾದರೆ, ಶುಲ್ಕ ಕಟ್ಟುವ ಮುಂಚೆ ಪ್ರವೇಶ ಕಚೇರಿಯಲ್ಲಿ ಆ ಪ್ರಮಾಣಪತ್ರ ಒಪ್ಪುತ್ತಾರೋ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಸೀಟು ಏಕೆ ಸುಲಭ

ಹೊಸ ಫಾರ್ಮಸಿ ಕಾಲೇಜುಗಳು ಮಿತಿಮೀರಿ ಹುಟ್ಟಿಕೊಂಡವೆಂದು ಪಿಸಿಐ 2019ರಲ್ಲಿ ಐದು ವರ್ಷ ಹೊಸ ಕಾಲೇಜು ಬೇಡ ಎಂದು ತಡೆ ಹಾಕಿತು. ಕಾಲೇಜು ನಡೆಸುವವರು ನ್ಯಾಯಾಲಯಕ್ಕೆ ಹೋದರು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಇಂಥ ತಡೆಯನ್ನು ಬರೀ ನಿರ್ಣಯದಿಂದ ಹೇರಲಾಗದು ಎಂಬ ನಿಲುವನ್ನು ಎತ್ತಿಹಿಡಿಯಿತು. ಬಾಗಿಲು ಮತ್ತೆ ತೆರೆಯಿತು. ಹೈದರಾಬಾದಿನ ಸುತ್ತ ರಸ್ತೆ ರಸ್ತೆಯಲ್ಲಿ ಫಾರ್ಮಸಿ ಕಾಲೇಜಿನ ಫಲಕ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಈ ಊರಿನ ಔಷಧ ಕೈಗಾರಿಕೆ. ಬಾಲಾನಗರದಲ್ಲಿ ಐಡಿಪಿಎಲ್‌ನ ಸರ್ಕಾರಿ ಕಾರ್ಖಾನೆ ಬಂತು. ಅಲ್ಲಿ ಕೆಲಸ ಮಾಡಿದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. ಮುಂದೆ ಊರಿನ ಸುತ್ತ ಕಂಪನಿಗಳ ಸಾಲೇ ಬೆಳೆಯಿತು. ಆ ಬಾಲಾನಗರದಲ್ಲೇ 2007ರಲ್ಲಿ ಔಷಧ ವಿಜ್ಞಾನದ ರಾಷ್ಟ್ರೀಯ ಸಂಸ್ಥೆ ನೈಪರ್ ಶುರುವಾಯಿತು. ಹಾಗಾಗಿ ಫಾರ್ಮಸಿ ಎಂದರೆ ಇಲ್ಲಿನ ಜನಕ್ಕೆ ಕೆಲಸದ ಇನ್ನೊಂದು ಹೆಸರು. ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಕಾಲೇಜುಗಳೂ ಇವೆ.

ಒಳಗೆ ಹೋದ ಮೇಲೆ

ಪಿಸಿಐ ನಿಯಮದ ಪ್ರಕಾರ ಬಿ.ಫಾರ್ಮ್‌ನ ಪ್ರತಿ ವಿಷಯದಲ್ಲೂ ಪಾಸಾಗಲು ಶೇ 50 ಬೇಕು. ಹಾಜರಾತಿ ಶೇ 80. ಡಿ.ಫಾರ್ಮ್‌ನಲ್ಲಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆಯಾಗಿ ಶೇ 40, ಹಾಜರಾತಿ ಶೇ 75. ಇಂಟರ್‌ನಲ್ಲಿ ಹದಿಮೂರೋ ಹದಿನಾಲ್ಕೋ ಪುಟದ ಪ್ರಶ್ನೋತ್ತರ ಬಾಯಿಪಾಠ ಮಾಡಿ 46 ತಂದ ಹುಡುಗ, ಮೊದಲ ಸೆಮಿಸ್ಟರಿನಲ್ಲೇ ಪ್ರತಿ ವಿಷಯಕ್ಕೂ 50 ತರಬೇಕು. ಅದೂ ಇಂಗ್ಲಿಷಿನಲ್ಲಿ. ಕಾಚಿಗುಡದ ನೃಪತುಂಗ ಶಾಲೆಯ ಕಡೆಯಿಂದ ಬಂದ ಕನ್ನಡದ ಮಕ್ಕಳಿಗಾಗಲಿ, ಉರ್ದು, ತೆಲುಗು ಮಾಧ್ಯಮದವರಿಗಾಗಲಿ ಮೊದಲ ಹೊಡೆತ ಬೀಳುವುದು ಇಲ್ಲಿ.

ಪಠ್ಯಕ್ರಮ ಮಾಡಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಬಿ.ಫಾರ್ಮ್ ಮೊದಲ ಸೆಮಿಸ್ಟರಿನಲ್ಲಿ ಜೀವಶಾಸ್ತ್ರ ಓದದೆ ಬಂದ ಎಂಪಿಸಿಯವರಿಗೆ ರೆಮಿಡಿಯಲ್ ಬಯಾಲಜಿ, ಗಣಿತ ಓದದೆ ಬಂದ ಬೈಪಿಸಿಯವರಿಗೆ ರೆಮಿಡಿಯಲ್ ಮ್ಯಾಥಮೆಟಿಕ್ಸ್ ಇಟ್ಟಿದ್ದಾರೆ. ಆದರೆ ರೆಮಿಡಿಯಲ್ ಕೆಮಿಸ್ಟ್ರಿ ಇಲ್ಲ. ರಸಾಯನಶಾಸ್ತ್ರ ಎಲ್ಲರಿಗೂ ಗೊತ್ತಿರುತ್ತದೆ ಎಂಬುದು ಅವರ ಲೆಕ್ಕ. ಎಡವುವುದು ಹೆಚ್ಚಾಗಿ ಅಲ್ಲೇ.

ಅದಕ್ಕೇ ಅಂಕಪಟ್ಟಿ ತೋರಿಸಿದವರಿಗೆ ಒಟ್ಟು ಎಷ್ಟು ಎಂದು ನಾನು ಕೇಳುವುದಿಲ್ಲ. ಕೆಮಿಸ್ಟ್ರಿಯಲ್ಲಿ ಎಷ್ಟು ಎಂದು ಕೇಳುತ್ತೇನೆ. ಇಂಗ್ಲಿಷಿನಲ್ಲೋ ಭೌತಶಾಸ್ತ್ರದಲ್ಲೋ ಬಿದ್ದು ಒಟ್ಟು ಕಡಿಮೆಯಾದವನ ಕಥೆ ಬೇರೆ, ಕೆಮಿಸ್ಟ್ರಿಯಲ್ಲಿ ಅಂಚಿನಲ್ಲಿ ಪಾಸಾದವನ ಕಥೆ ಬೇರೆ. ಎರಡನೆಯವನು ಕಾಲೇಜು ತೆರೆಯುವ ಮೊದಲೇ ಇಂಟರ್ ಪುಸ್ತಕ ಮತ್ತೆ ಹಿಡಿಯಬೇಕು: ಮೋಲ್ ಲೆಕ್ಕ, ಮೊಲಾರಿಟಿ, ನಾರ್ಮಾಲಿಟಿ, ಆಮ್ಲ-ಪ್ರತ್ಯಾಮ್ಲ, ಟೈಟ್ರೇಶನ್, ಸಾವಯವ ಸಂಯುಕ್ತಗಳಿಗೆ ಹೆಸರಿಡುವ ಕ್ರಮ. ಡಿ.ಫಾರ್ಮ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕ್ಲೋರೈಡ್, ಸಲ್ಫೇಟ್, ಕಬ್ಬಿಣದ ಲಿಮಿಟ್ ಟೆಸ್ಟ್ ಮಾಡಿಸುತ್ತಾರೆ. ಔಷಧಿಯಲ್ಲಿ ಈ ಕಶ್ಮಲಗಳು ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ನೋಡುವ ಪರೀಕ್ಷೆ ಅದು. ಅಡಿಪಾಯ ಇಲ್ಲದವನಿಗೆ ಬಣ್ಣ ಬಂತು, ಮಬ್ಬಾಯಿತು ಎಂಬಷ್ಟೇ ಕಾಣುತ್ತದೆ, ಏಕೆ ಎಂಬುದು ಕಾಣುವುದಿಲ್ಲ.

ಬಜಾರು ಕಲಿಸಿದ ಪಾಠ

ಹಾಗೆಂದು ಈ ಗಲ್ಲಿಯ ಮಕ್ಕಳು ಬರಿಗೈಯಲ್ಲಿ ಹೋಗುವುದಿಲ್ಲ. ಎರಡನೇ ನಿಜಾಮ್ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗದಲ್ಲಿ ಬೆಳೆದ ಬಜಾರು ಇದು. ಕಿರಾಣಾ, ಒಣಹಣ್ಣು, ಮಸಾಲೆಗಳ ಜೊತೆ ನಾಟಿ ಔಷಧದ ಬೇರು-ತೊಗಟೆಗಳನ್ನೂ ಇಲ್ಲಿ ಮೂಟೆಗಟ್ಟಲೆ ಮಾರುತ್ತಾರೆ. ಸೋನಾಮುಖಿ, ಜ್ಯೇಷ್ಠಮಧು, ಇಸಬ್‌ಗೋಲ್, ಅಶ್ವಗಂಧ, ಹಿಪ್ಪಲಿ, ಅಳಲೆಕಾಯಿ. ಡಿ.ಫಾರ್ಮ್ ಮೊದಲ ವರ್ಷದ ಫಾರ್ಮಕಾಗ್ನಸಿ, ಅಂದರೆ ನಿಸರ್ಗದಿಂದ ಬರುವ ಔಷಧದ್ರವ್ಯಗಳ ಪಾಠ, ಬಹುಮಟ್ಟಿಗೆ ಇದೇ ಸರಕು. ಊರಾಚೆಯ ಕಾಲೇಜಿನಲ್ಲಿ ಸೀಸೆಯೊಳಗಿನ ಒಣಗಿದ ಎಲೆ ನೋಡಿ ಕಲಿಯುವವರ ನಡುವೆ ನನಗೆ ಅವು ಮೂಗಿನಿಂದಲೇ ಗೊತ್ತಿದ್ದವು.

ಎಣ್ಣೆ ತೆಗೆದ ಲವಂಗವನ್ನು ಅಸಲಿ ಲವಂಗದಲ್ಲಿ ಬೆರೆಸುವ ಮೋಸ ಬಜಾರಿನಲ್ಲಿ ಹಳೆಯದು. ನೀರಿಗೆ ಹಾಕಿ ನೋಡು ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಒಳ್ಳೆಯದು ಮುಳುಗುತ್ತದೆ ಅಥವಾ ನೆಟ್ಟಗೆ ನಿಲ್ಲುತ್ತದೆ, ಹಿಂಡಿದ್ದು ಅಡ್ಡಲಾಗಿ ತೇಲುತ್ತದೆ. ಇದೇ ಪರೀಕ್ಷೆ ಪಠ್ಯಪುಸ್ತಕದಲ್ಲಿ ಸಿಕ್ಕಿತು. ಪುಸ್ತಕ ಹೆಚ್ಚಿಗೆ ಹೇಳಿದ್ದು ಕಾರಣವನ್ನು: ಹೋದದ್ದು ಯೂಜಿನಾಲ್ ಇರುವ ಎಣ್ಣೆ. ಸೋನಾಮುಖಿಯ ಎಲೆ ಹೊಟ್ಟೆ ಸಡಿಲಿಸುತ್ತದೆ ಎಂಬುದು ಅಜ್ಜಿಗೂ ಗೊತ್ತು. ಅದರೊಳಗಿನ ಸೆನ್ನೊಸೈಡ್‌ಗಳು ದೊಡ್ಡ ಕರುಳಿನಲ್ಲಿ ಏನು ಮಾಡುತ್ತವೆ ಎಂದು ತಿಳಿದ ಮೇಲೆ, ದಿನಾ ತೆಗೆದುಕೊಳ್ಳಬೇಡಿ ಎಂದು ಗಿರಾಕಿಗೆ ಹೇಳುವ ಧೈರ್ಯ ಬಂತು.

ಲೆಕ್ಕವೂ ಹಾಗೆಯೇ. ಫಾರ್ಮಸ್ಯೂಟಿಕ್ಸ್‌ನಲ್ಲಿ ಅಲಿಗೇಶನ್ ಎಂಬ ಲೆಕ್ಕ ಬರುತ್ತದೆ: ಶೇ 90ರ ಮತ್ತು ಶೇ 60ರ ಆಲ್ಕೋಹಾಲ್ ಬೆರೆಸಿ ಶೇ 70ರದ್ದು ಮಾಡಬೇಕು, ಯಾವುದು ಎಷ್ಟು ಪಾಲು? ತರಗತಿ ತಲೆ ಕೆರೆದುಕೊಳ್ಳುತ್ತಿದ್ದಾಗ ನನಗೆ ಕಂಡದ್ದು ಗೋಡಂಬಿ. ಕಿಲೋಗೆ 900ರ ಮಾಲು, 600ರ ಮಾಲು ಬೆರೆಸಿ 700ಕ್ಕೆ ಕೂರಿಸಬೇಕಾದರೆ ಮೊದಲನೆಯದು ಒಂದು ಪಾಲು, ಎರಡನೆಯದು ಎರಡು ಪಾಲು. ಆಲ್ಕೋಹಾಲಿಗೂ ಅದೇ ಉತ್ತರ. ಅಂಕಪಟ್ಟಿಯಲ್ಲಿ ಕಾಣದ ಇಂಥ ಜಾಣ್ಮೆ ಎಷ್ಟೋ ಹುಡುಗರಲ್ಲಿದೆ. ಅದಕ್ಕೆ ಪುಸ್ತಕದ ಹೆಸರು ಜೋಡಿಸಿಕೊಡುವ ಅಧ್ಯಾಪಕರು ಬೇಕು. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬಿನಲ್ಲಿ ನಿಂತು ಕಲಿಸುವವರು ಇದ್ದಾರೆಯೇ ಎಂದು ಅಲ್ಲಿ ಓದುತ್ತಿರುವ ಎರಡನೇ ವರ್ಷದವರನ್ನು ಕೇಳಿ ಎನ್ನುವುದು ಅದಕ್ಕಾಗಿ.

ಬಾಡಿಗೆಯ ಪ್ರಮಾಣಪತ್ರ

ಕಡಿಮೆ ಅಂಕದ ಮಕ್ಕಳ ಮನೆಗೆ ಮೊದಲು ಬರುವವರು ಏಜೆಂಟರು. “ಕ್ಲಾಸಿಗೆ ಬರೋದೇ ಬ್ಯಾಡ, ಪರೀಕ್ಷೆಗೆ ಬಂದ್ರ ಸಾಕು, ಸರ್ಟಿಫಿಕೇಟ್ ಕೈಗೆ” ಎಂದು ನನಗೂ ಒಬ್ಬ ಹೇಳಿದ್ದ. ದೂರದ ಯಾವುದೋ ರಾಜ್ಯದ ಕಾಲೇಜು. ಫಾರ್ಮಸಿಯಲ್ಲಿ ಅಂಚೆ ಶಿಕ್ಷಣಕ್ಕೆ ಜಾಗವಿಲ್ಲ. ಫಾರ್ಮಸಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪಿಸಿಐ ಒಪ್ಪಿದ ಕಾಲೇಜಿನಲ್ಲಿ, ತರಗತಿಯಲ್ಲಿ ಕೂತು ಓದಿದ್ದರಷ್ಟೇ ರಾಜ್ಯ ಫಾರ್ಮಸಿ ಕೌನ್ಸಿಲ್ ನೋಂದಣಿ ಕೊಡುತ್ತದೆ. ಡಿ.ಫಾರ್ಮ್‌ನವರು ಓದಿನ ಕೊನೆಗೆ 500 ಗಂಟೆ ಆಸ್ಪತ್ರೆಯಲ್ಲೋ ಔಷಧ ಅಂಗಡಿಯಲ್ಲೋ ತರಬೇತಿ ಪಡೆಯಬೇಕು, ಅದು ಮೂರು ತಿಂಗಳಿಗೆ ಕಡಿಮೆ ಇರುವಂತಿಲ್ಲ. 2022ರಲ್ಲಿ ಪಿಸಿಐ ಡಿ.ಫಾರ್ಮ್ ಮುಗಿಸಿದವರಿಗೆ ನಿರ್ಗಮನ ಪರೀಕ್ಷೆಯ ನಿಯಮವನ್ನೂ ತಂದಿತು. ಮೂರು ಪತ್ರಿಕೆ, ಪ್ರತಿಯೊಂದರಲ್ಲೂ ಶೇ 50.

ಇನ್ನೊಂದು ಆಸೆ ಓದು ಮುಗಿದ ಮೇಲೆ ಬರುತ್ತದೆ. 1945ರ ಔಷಧ ನಿಯಮಗಳ ಪ್ರಕಾರ ಚಿಲ್ಲರೆ ಮೆಡಿಕಲ್‌ನಲ್ಲಿ ವೈದ್ಯರ ಚೀಟಿಯ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಕಣ್ಣೆದುರೇ ಆಗಬೇಕು. ಅಂಗಡಿಗೆ ಬೇಕಾದದ್ದು ಗೋಡೆಯ ಮೇಲೊಂದು ಪ್ರಮಾಣಪತ್ರ ಎಂದು ತಿಳಿದವರು ತಿಂಗಳ ಬಾಡಿಗೆಗೆ ಅದನ್ನು ಕೇಳಿಕೊಂಡು ಬರುತ್ತಾರೆ. ಕಷ್ಟಪಟ್ಟು ಪಾಸಾದ, ಕೆಲಸದ ಬಗ್ಗೆ ಹಿಂಜರಿಕೆ ಇರುವ ಹುಡುಗನಿಗೆ ಮನೆಯಲ್ಲಿ ಕೂತು ಬರುವ ಹಣ ಒಳ್ಳೆಯದೆನಿಸುತ್ತದೆ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅಂಗಡಿಯ ಲೈಸೆನ್ಸು ಹೋಗುವುದಷ್ಟೇ ಅಲ್ಲ, ಫಾರ್ಮಸಿಸ್ಟನ ಹೆಸರನ್ನು ನೋಂದಣಿ ಪುಸ್ತಕದಿಂದಲೇ ತೆಗೆಯುವ ಅಧಿಕಾರ ಕೌನ್ಸಿಲ್‌ಗೆ ಇದೆ.

ಬರೀ ವ್ಯಾಪಾರ ಬೇಕು ಎನ್ನುವವರಿಗೆ ನಾನು ಬೇರೆ ದಾರಿ ತೋರಿಸುತ್ತೇನೆ. ಔಷಧಿಯ ಸಗಟು ಲೈಸೆನ್ಸಿಗೆ ಫಾರ್ಮಸಿಸ್ಟ್ ಆಗಿರಲೇಬೇಕು ಎಂದಿಲ್ಲ. ಮೆಟ್ರಿಕ್ ಪಾಸಾಗಿ ಔಷಧಿ ವ್ಯಾಪಾರದಲ್ಲಿ ನಾಲ್ಕು ವರ್ಷದ ಅನುಭವ, ಅಥವಾ ಯಾವುದಾದರೂ ಪದವಿಯ ಜೊತೆ ಒಂದು ವರ್ಷದ ಅನುಭವ ಇರುವವರನ್ನೂ 64ನೇ ನಿಯಮ ಒಪ್ಪುತ್ತದೆ. ಕೋಠಿಯ ಇಂದ್ರಬಾಗ್‌ನ ಸಗಟು ಅಂಗಡಿಗಳು ಇಲ್ಲಿಂದ ಕಾಲ್ನಡಿಗೆಯ ದೂರ. ಓದು ಒಗ್ಗದ, ವ್ಯಾಪಾರ ರಕ್ತದಲ್ಲಿರುವ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದರೆ, ಬೇಡದ ಕಾಲೇಜಿಗೆ ಸುರಿಯುವ ಹಣ ಉಳಿಯುತ್ತದೆ.

ಮುಂದಿನ ಗೆರೆಗಳು

ಒಳಗೆ ಹೋದವರು ಬರೀ ಪಾಸಿನ ಅಂಕದಲ್ಲಿ ಉಳಿದರೆ ಮುಂದೆ ಮತ್ತೆ ಗೋಡೆ ಎದುರಾಗುತ್ತದೆ. ಎಂ.ಫಾರ್ಮ್‌ಗೆ ಪಿಸಿಐ ನಿಯಮ ಕೇಳುವುದು ಬಿ.ಫಾರ್ಮ್‌ನಲ್ಲಿ ಶೇ 55, ಎಸ್‌ಸಿ, ಎಸ್‌ಟಿಯವರಿಗೆ ಶೇ 50. ನೈಪರ್‌ನ ಪ್ರವೇಶ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಶೇ 60. ಜಿಪ್ಯಾಟ್ ಅರ್ಹತಾ ಪರೀಕ್ಷೆಯಲ್ಲಿ ಅರ್ಹರಾಗಿ ಎಂ.ಫಾರ್ಮ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಈ ಗೆರೆಗಳ ಮುಂದೆ ಇಂಟರ್‌ನ ಹಳೆಯ 46ಕ್ಕೆ ಬೆಲೆಯಿಲ್ಲ, ಬಿ.ಫಾರ್ಮ್‌ನ ಪ್ರತಿ ಸೆಮಿಸ್ಟರಿಗೂ ಬೆಲೆಯಿದೆ.

ಅಮೆರಿಕದ ಕನಸು ಕಾಣದ ಮನೆ ಹೈದರಾಬಾದಿನಲ್ಲಿ ಕಡಿಮೆ. ಅಲ್ಲಿ ಫಾರ್ಮಸಿ ಎಂದರೆ ಫಾರ್ಮ್.ಡಿ. ಸಾಮಾನ್ಯವಾಗಿ ಎರಡು ವರ್ಷವಾದರೂ ಕಾಲೇಜಿನಲ್ಲಿ ನಿಗದಿತ ವಿಜ್ಞಾನ ವಿಷಯಗಳನ್ನು ಓದಿ, ಆ ಅಂಕಗಳ ಮೇಲೆ ಸೇರಬೇಕು. ಪ್ರವೇಶಕ್ಕಿದ್ದ ಪಿಕ್ಯಾಟ್ ಪರೀಕ್ಷೆ 2024ರ ಜನವರಿಯಲ್ಲಿ ನಿಂತುಹೋಯಿತು. ಕಡಿಮೆ ಅಂಕದ ವಿಷಯವನ್ನು ಮತ್ತೆ ಓದಿ ಬರೆದರೂ ಅರ್ಜಿಯ ಕೇಂದ್ರ ವ್ಯವಸ್ಥೆ ಹಳೆಯ ಅಂಕವನ್ನೂ ಸೇರಿಸಿಯೇ ಸರಾಸರಿ ಕಟ್ಟುತ್ತದೆ. ನಮ್ಮಲ್ಲಿ ಓದಿ ಅಲ್ಲಿ ಫಾರ್ಮಸಿಸ್ಟ್ ಆಗಬೇಕೆಂದರೆ, 2003ರ ಜನವರಿ 1ರ ನಂತರ ಪದವಿ ಪಡೆದವರಿಗೆ ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲಿ ಸಾಲದು. ವಿದೇಶಕ್ಕೆಂದೇ ಓದಿಸುವ ತಂದೆತಾಯಿ ಇದನ್ನು ಮೊದಲ ದಿನವೇ ತಿಳಿದಿರಬೇಕು.

2025ರ ಜನವರಿಯಲ್ಲಿ ನಮ್ಮ ಪಕ್ಕದ ಗೋಷಾಮಹಲ್‌ನಲ್ಲಿ ಹೊಸ ಉಸ್ಮಾನಿಯಾ ಆಸ್ಪತ್ರೆಗೆ ಶಂಕುಸ್ಥಾಪನೆಯಾಯಿತು. ಅದು ಎದ್ದು ನಿಂತರೆ ಸುತ್ತಲ ಗಲ್ಲಿಗಳಲ್ಲಿ ಮೆಡಿಕಲ್‌ಗಳು ಹೆಚ್ಚುತ್ತವೆ, ಫಾರ್ಮಸಿಸ್ಟ್‌ಗಳು ಬೇಕಾಗುತ್ತಾರೆ. ಅಂಕ ಕಡಿಮೆ ಬಂದ ಮಕ್ಕಳೂ ಬರಲಿ, ಧಾರಾಳವಾಗಿ ಬರಲಿ. ಆದರೆ ಕೌಂಟರಿನಾಚೆ ನಿಂತವರು ನಮ್ಮ ಅಂಕಪಟ್ಟಿ ಕೇಳುವುದಿಲ್ಲ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬರೆಸಿಕೊಂಡು ಬಂದ ಮುದುಕಿ ಕೇಳುವುದು ಇದು ದಿನಾ ನುಂಗಬೇಕೋ ವಾರಕ್ಕೊಮ್ಮೆಯೋ ಎಂದು. ವಾರಕ್ಕೊಮ್ಮೆಯ ಆ ಮಾತ್ರೆಯನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅಲ್ಲಿ 45ಕ್ಕೆ ಪ್ರವೇಶವಿಲ್ಲ, 50ಕ್ಕೆ ಪಾಸಿಲ್ಲ. ನೂರಕ್ಕೆ ನೂರು ಬರೆಯಲೇಬೇಕಾದ ಪರೀಕ್ಷೆ ಅದು, ಅಂಗಡಿ ತೆರೆದಿರುವಷ್ಟು ಹೊತ್ತೂ ನಡೆಯುತ್ತದೆ.